ವರ್ಷವಿಡೀ ಸಾಂಟಾ ಆಗಿರುವ ತಾತ: ಈ ಕ್ರಿಸ್‌ಮಸ್‌ಗೆ ಮನೆಯಲ್ಲಿ ಯಾವ ಸಿನಿಮಾ ಹಾಕೋದು?

ಹೋದ ವರ್ಷ ನನ್ನಿಂದ ಒಂದು ಎಡವಟ್ಟಾಯಿತು. ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ದಿ ಸಾಂಟಾ ಕ್ಲಾಸ್’ ಹಾಕಿದೆ. ಅವಳಿಗೆ ಆಗ ಐದು ವರ್ಷ. ಡಿಸ್ನಿಯವರ ಸಿನಿಮಾ, ಮಕ್ಕಳದ್ದೇ, ಇದರಲ್ಲಿ ಏನಿರುತ್ತೆ ಅಂತ ನಾನೂ ಯೋಚನೆ ಮಾಡಲಿಲ್ಲ. ಶುರುವಾಗಿ ಸ್ವಲ್ಪ ಹೊತ್ತಿಗೇ ಸಾಂಟಾ ಮನೆಯ ಮೇಲಿನಿಂದ ಜಾರಿ ಬೀಳುತ್ತಾನೆ. ಬಿದ್ದವನು ಏಳುವುದಿಲ್ಲ. ಹಿಮದ ಮೇಲೆ ಬರೀ ಕೆಂಪು ಬಟ್ಟೆ ಉಳಿಯುತ್ತದೆ. ಮಗು ಅಳಲಿಲ್ಲ, ಏನೂ ಕೇಳಲೂ ಇಲ್ಲ, ಸುಮ್ನೆ ನನ್ನ ತೋಳು ಹಿಡಿದುಕೊಂಡು ಕೂತಿತ್ತು.

ಅವತ್ತು ಸಂಜೆ ಕ್ಯಾರಲ್ ಹಾಡುವವರು ಬಂದರು. ಪ್ರತಿ ವರ್ಷ ಸಾಂಟಾ ವೇಷ ಹಾಕುವುದು ನಮ್ಮ ತೋಟದ ಮೇಸ್ತ್ರಿಯವರೇ. ಎಲೆಅಡಿಕೆ ಬಿಟ್ಟು ಅರ್ಧ ಗಂಟೆ ಇರಲಾರದ ಮನುಷ್ಯ, ಹಾಗಾಗಿ ಹತ್ತಿಯ ಗಡ್ಡದ ಬಲಗಡೆ ಒಂದು ಕೆಂಪು ಕಲೆ ಇದ್ದೇ ಇರುತ್ತದೆ. ಕಾಲಲ್ಲಿ ತೋಟದ ಗಂಬೂಟು, ಅದಕ್ಕೆ ಒಣಗಿದ ಮಣ್ಣು. ಗಂಟೆ ಅಲ್ಲಾಡಿಸಿಕೊಂಡು ಜಗಲಿಗೆ ಬಂದವರ ಅಂಗಿಯ ತುದಿಯನ್ನು ಮಗು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿತು: “ಸಾಂಟಾ ತಾತ, ನಮ್ಮ ಮಾಡು ಹತ್ತಬೇಡಿ. ಬಾಗಿಲಿಂದಾನೇ ಬನ್ನಿ.”

ಅಕ್ಕ ನನ್ನ ಮುಖ ನೋಡಿದಳು. ಈ ಬರಹ ಅವಳಿಗೆ ಕೊಟ್ಟ ಮಾತಿನ ಪ್ರಕಾರ. ಈ ಸಲ ಎಲ್ಲವನ್ನೂ ಮೊದಲೇ ನೋಡಿ, ಯಾರಿಗೆ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಹಾಕುತ್ತೇನೆ ಅಂದಿದ್ದೆ.

ಮೊದಲು ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಆಯ್ಕೆ ಅದರ ಮೇಲೇ ನಿಂತಿದೆ. ಸುಂಟಿಕೊಪ್ಪದಿಂದ ಒಳಗೆ ನಮ್ಮದು ಚಿಕ್ಕ ಕಾಫಿ ತೋಟ. ನಾವು ಕ್ರಿಶ್ಚಿಯನ್ನರಲ್ಲ, ಆದರೂ ಹುತ್ತರಿ ಮುಗಿದು ಕೆಲವೇ ದಿನಕ್ಕೆ ಪಕ್ಕದ ಮನೆಗಳಲ್ಲಿ ನಕ್ಷತ್ರ ತೂಗಿದರೆ ನಮ್ಮನೆಗೂ ಹಬ್ಬ ಬಂದ ಹಾಗೆ. ಕೊಡಗಿಗೆ ಇದು ಹೊಸದೇನಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಇತಿಹಾಸವೇ 1792ರಿಂದ ಶುರು. ಕುಲ್‌ಕುಲ್, ಅಚ್ಚಪ್ಪ, ಪ್ಲಮ್ ಕೇಕ್ ತುಂಬಿದ ತಟ್ಟೆ ಬರುತ್ತದೆ, ಅದೇ ತಟ್ಟೆಯಲ್ಲಿ ನಮ್ಮನೆ ಕಿತ್ತಳೆ ಹೋಗುತ್ತದೆ. ಸಿನಿಮಾ ನೋಡಲು ಕೂರುವವರು ಅಮ್ಮ, ದೊಡ್ಡಪ್ಪ, ಅಕ್ಕನ ಮಗಳು, ಹನ್ನೊಂದು ವರ್ಷದ ಅಣ್ಣನ ಮಗ, ಪಕ್ಕದ ಮನೆಯವರು, ತೋಟದ ಕೆಲಸದವರ ಲೈನ್ ಮನೆಯ ನಾಲ್ಕೈದು ಮಕ್ಕಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ದೊಡ್ಡಪ್ಪನಿಗೆ ಬರುತ್ತೆ, ಆದರೆ ಕಿವಿ ಮಂದ. ರಾತ್ರಿ ಹೊತ್ತು ಹಾಕುವ ಹಾಗಿಲ್ಲ, ಕತ್ತಲಾದ ಮೇಲೆ ಆನೆ ತೋಟಕ್ಕೆ ಇಳಿಯುತ್ತೆ ಅಂತ ಎಲ್ಲರೂ ಬೆಳಕಿರುವಾಗಲೇ ಮನೆ ಸೇರಬೇಕು. ಕೊಯ್ಲಿನ ಕಾಲ ಬೇರೆ. ಐದು ಗಂಟೆಗೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಅಂದರೆ ನಮಗೆ ಸಿಗುವುದು ಎರಡೂವರೆಯಿಂದ ನಾಲ್ಕೂವರೆ. ಅಷ್ಟರಲ್ಲಿ ಒಂದು ಸಲ ಕರೆಂಟು ಹೋಗಿ ಬಂದರೂ ಸಿನಿಮಾ ಮುಗಿಯಬೇಕು.

ಇನ್ನೊಂದು ಷರತ್ತು ನಾನೇ ಹಾಕಿಕೊಂಡದ್ದು. ಒಂದು ರಾತ್ರಿ ಕೆಂಪು ಅಂಗಿ ಹಾಕಿಕೊಂಡು ಆಕಾಶದಲ್ಲಿ ಓಡಾಡುವ ಸಾಂಟಾ ಸಿನಿಮಾಗಳು ಬೇಕಾದಷ್ಟಿವೆ. ನನಗೆ ಬೇಕಿರುವುದು ಮಾರ್ಚಿನಲ್ಲೂ ಜುಲೈನಲ್ಲೂ ಸಾಂಟಾ ಆಗಿಯೇ ಇರುವವನು. ಫಿನ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಹಾಗೊಂದು ಊರೇ ಇದೆ. ಆರ್ಕ್‌ಟಿಕ್ ವೃತ್ತದ ಗೆರೆಯ ಮೇಲೆ ಸಾಂಟಾನ ಹಳ್ಳಿ, ವರ್ಷದ ಯಾವ ದಿನ ಹೋದರೂ ಅಜ್ಜ ಸಿಗುತ್ತಾನೆ. ಅಲ್ಲಿ ತನಕ ಹೋಗಲು ನಮ್ಮ ಕಾಫಿಗೆ ಇನ್ನೂ ಎಷ್ಟು ರೇಟು ಬರಬೇಕೋ! ಸದ್ಯಕ್ಕೆ ಸಿನಿಮಾನೇ ಗತಿ.

ಮೊದಲು ಎಡವಟ್ಟಿನ ಸಿನಿಮಾದಿಂದಲೇ ಶುರು ಮಾಡೋಣ. 1994ರ ‘ದಿ ಸಾಂಟಾ ಕ್ಲಾಸ್’ ಕೆಟ್ಟ ಸಿನಿಮಾ ಅಲ್ಲವೇ ಅಲ್ಲ. ಟಿಮ್ ಆಲೆನ್ ಆಟಿಕೆ ಕಂಪನಿಯ ಒಬ್ಬ ಅಧಿಕಾರಿ, ಹೆಂಡತಿಯಿಂದ ಬೇರೆಯಾದವನು, ಮಗನಿಗೆ ಸಮಯ ಕೊಡದ ಅಪ್ಪ. ಬಿದ್ದ ಸಾಂಟಾನ ಬಟ್ಟೆ ಹಾಕಿಕೊಂಡ ತಪ್ಪಿಗೆ ಇವನೇ ಮುಂದಿನ ಸಾಂಟಾ ಆಗಬೇಕು. ಹೆಸರಿನಲ್ಲಿರುವ ‘ಕ್ಲಾಸ್’ ಸಾಂಟಾನ ಮನೆತನದ ಹೆಸರಲ್ಲ, ಕರಾರುಪತ್ರದಲ್ಲಿ ಬರುತ್ತದಲ್ಲ, ಆ ಷರತ್ತು. ಓದದೇ ಸಹಿ ಹಾಕಿದ ಹಾಗೆ. ಎಲ್ಲ ಮುಗಿಸಿಕೊಂಡು ಬಾ ಅಂತ ಅವನಿಗೆ ಹನ್ನೊಂದು ತಿಂಗಳ ಗಡುವು ಕೊಡುತ್ತಾರೆ. ಸಿನಿಮಾದ ಅಸಲಿ ಮಜಾ ಇರುವುದು ಆ ಹನ್ನೊಂದು ತಿಂಗಳಲ್ಲೇ. ಗಡ್ಡ ಬೋಳಿಸಿ ಕನ್ನಡಿ ನೋಡುವಷ್ಟರಲ್ಲಿ ಮತ್ತೆ ಬಂದಿರುತ್ತದೆ. ಹೊಟ್ಟೆ ಬೆಳೆಯುತ್ತದೆ, ಕೂದಲು ಬೆಳ್ಳಗಾಗುತ್ತದೆ. ಮಗನ ಫುಟ್‌ಬಾಲ್ ಮ್ಯಾಚು ನೋಡಲು ಹೋದರೆ ಗೊತ್ತಿಲ್ಲದ ಮಕ್ಕಳೆಲ್ಲ ಸಾಲಾಗಿ ನಿಂತು ಕಿವಿಯಲ್ಲಿ ತಮಗೆ ಬೇಕಾದ್ದು ಹೇಳಿ ಹೋಗುತ್ತಾರೆ. ಹಬ್ಬ ಇಲ್ಲದ ದಿನ ಒಬ್ಬ ಸಾಧಾರಣ ಮನುಷ್ಯ ನಿಧಾನಕ್ಕೆ ಸಾಂಟಾ ಆಗುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

ಆದರೆ ಸಾಂಟಾನನ್ನು ಇನ್ನೂ ನಂಬುವ ಮಗು ಮನೆಯಲ್ಲಿದ್ದರೆ ಬೇಡ. ಸಾವು ಒಂದೇ ಅಲ್ಲ, ಇದರಲ್ಲಿ ದೊಡ್ಡವರು ಕೂತು “ನಾನು ಇಂಥ ವಯಸ್ಸಿಗೆ ನಂಬೋದು ಬಿಟ್ಟೆ” ಅಂತ ರಾಜಾರೋಷವಾಗಿ ಮಾತಾಡುತ್ತಾರೆ. ಅಪ್ಪ ಅಮ್ಮ ಬೇರೆಯಾದದ್ದು, ಮಗ ಯಾರ ಹತ್ತಿರ ಇರಬೇಕು ಅನ್ನೋ ಜಗಳ, ಇದೆಲ್ಲ ಕಥೆಯ ಮಧ್ಯದಲ್ಲೇ ಇದೆ. ಅಂಥದ್ದೇ ಕಷ್ಟದಲ್ಲಿರುವ ಮಗು ನೋಡುವವರ ನಡುವೆ ಇದ್ದರೆ ಒಮ್ಮೆ ಯೋಚಿಸಿ. ಹತ್ತು ದಾಟಿದವರಿಗೆ ಮಾತ್ರ ಕಣ್ಣು ಮುಚ್ಚಿಕೊಂಡು ಹಾಕಬಹುದು, ಅಣ್ಣನ ಮಗ ಬಿದ್ದು ಬಿದ್ದು ನಕ್ಕ. ಇದರ ಮುಂದಿನ ಭಾಗಗಳು 2002 ಮತ್ತು 2006ರಲ್ಲಿ ಬಂದವು. ಮೊದಲನೆಯದು ಸಾಕು.

‘ಮಿರಾಕಲ್ ಆನ್ ಥರ್ಟಿ ಫೋರ್ತ್ ಸ್ಟ್ರೀಟ್’ ವಿಷಯಕ್ಕೆ ಬಂದರೆ ಒಂದರೊಳಗೆ ಎರಡು ಆಯ್ಕೆ. 1947ರದ್ದು ಕಪ್ಪು ಬಿಳುಪು, 1994ರದ್ದು ಬಣ್ಣದ್ದು. ಕಥೆ ಹೆಚ್ಚುಕಡಿಮೆ ಒಂದೇ. ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಸಾಂಟಾ ವೇಷ ಹಾಕುವ ಕೆಲಸಕ್ಕೆ ಸೇರಿದ ಒಬ್ಬ ಮುದುಕ, ನಾನು ವೇಷಧಾರಿ ಅಲ್ಲ, ನಾನೇ ಸಾಂಟಾ ಅನ್ನುತ್ತಾನೆ. ಕೆಲವರು ನಗುತ್ತಾರೆ, ಕೆಲವರು ತಲೆ ಕೆಟ್ಟಿದೆ ಅನ್ನುತ್ತಾರೆ, ಕೊನೆಗೆ ವಿಷಯ ಕೋರ್ಟಿಗೆ ಹೋಗುತ್ತದೆ. ಕೋರ್ಟಿನಲ್ಲಿ ಏನಾಗುತ್ತೆ ಅಂತ ನಾನು ಹೇಳಲ್ಲ. ನಮ್ಮ ಅಂಚೆಯಣ್ಣನಿಗೆ ಆ ಕೊನೆ ತೋರಿಸಬೇಕು ಅಂತ ಬಹಳ ಆಸೆ ಇದೆ, ಅಷ್ಟು ಮಾತ್ರ.

ವರ್ಷವಿಡೀ ಸಾಂಟಾ ಅನ್ನುವ ನನ್ನ ಷರತ್ತಿಗೆ ಇವನಷ್ಟು ಸರಿಹೊಂದುವವನು ಇನ್ನೊಬ್ಬನಿಲ್ಲ. ಹಾರುವ ಗಾಡಿ ಇಲ್ಲ, ಮಾಯಮಂತ್ರ ಇಲ್ಲ. 1947ರದ್ದರಲ್ಲಿ ಅವನು ಇರುವುದು ಒಂದು ವೃದ್ಧಾಶ್ರಮದಲ್ಲಿ. ಕೆಲಸಕ್ಕೆ ಸೇರುವಾಗ ಬಂಧುಗಳ ಹೆಸರು ಬರೆಯಿರಿ ಅಂದರೆ ತನ್ನ ಜಿಂಕೆಗಳ ಹೆಸರು ಬರೆಯುತ್ತಾನೆ. ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ “ಆ ಆಟಿಕೆ ನಮ್ಮಲ್ಲಿಲ್ಲ, ಇಂಥ ಅಂಗಡಿಯಲ್ಲಿ ಸಿಗುತ್ತೆ ನೋಡಿ” ಅಂತ ಎದುರಾಳಿ ಅಂಗಡಿಗೆ ಕಳಿಸುತ್ತಾನೆ. ಅದನ್ನು ನೋಡಿ ಆ ಊರಿಗೆ ಊರೇ ಬೆರಗಾಗುತ್ತದೆ. ನಮ್ಮಮ್ಮ ಬೆರಗಾಗಲಿಲ್ಲ. “ಗೋಣಿಕೊಪ್ಪ ಸಂತೇಲಿ ಎಲ್ಲರೂ ಹಾಗೇ ಅಲ್ವಾ ಹೇಳೋದು, ಇದರಲ್ಲಿ ಏನು ದೊಡ್ಡದು?” ಅಂದರು.

ಹಳೆಯದರಲ್ಲಿ ಸಾಂಟಾ ಆದ ಎಡ್ಮಂಡ್ ಗ್ವೆನ್‌ಗೆ ಈ ಪಾತ್ರಕ್ಕೆ ಆಸ್ಕರ್ ಬಂತು, ಸಿನಿಮಾಕ್ಕೆ ಒಟ್ಟು ಮೂರು. ಪುಟ್ಟ ಹುಡುಗಿಯಾಗಿ ನಟಾಲಿ ವುಡ್. ಗಡ್ಡ ನಿಜವೋ ಸುಳ್ಳೋ ಅಂತ ಎಳೆದು ನೋಡುವ ಆ ಮಗುವಿನ ಮುಖ ಒಂದು ಸಲ ನೋಡಿದರೆ ಮರೆಯುವುದಿಲ್ಲ. ಶೂಟಿಂಗ್ ನಡೆಯುವಾಗ ಅವಳು ಅವರನ್ನು ನಿಜವಾದ ಸಾಂಟಾ ಅಂತಲೇ ನಂಬಿದ್ದಳಂತೆ. ತಮಾಷೆ ಏನಂದ್ರೆ ಈ ಕ್ರಿಸ್‌ಮಸ್ ಸಿನಿಮಾ ಬಿಡುಗಡೆಯಾದದ್ದು ಜೂನ್ ತಿಂಗಳಲ್ಲಿ. ಬೇಸಿಗೆಯಲ್ಲಿ ಜನ ಥಿಯೇಟರಿಗೆ ಜಾಸ್ತಿ ಬರುತ್ತಾರೆ ಅಂತ ಸ್ಟುಡಿಯೋದವರ ಲೆಕ್ಕ. ಇದು ಕ್ರಿಸ್‌ಮಸ್ ಕಥೆ ಅನ್ನುವುದನ್ನೇ ಪ್ರಚಾರದಲ್ಲಿ ಮುಚ್ಚಿಟ್ಟಿದ್ದರು. ಹಾಗಾಗಿ ನಮ್ಮ ಮುಂಗಾರಿನಲ್ಲಿ, ಮೂರು ದಿನ ಬಿಡದೆ ಮಳೆ ಹುಯ್ಯುವಾಗ, ಬಿಸಿ ಕಾಫಿ ಹಿಡಿದು ನೋಡಿದರೂ ತಪ್ಪಿಲ್ಲ.

1994ರದ್ದರಲ್ಲಿ ಸಾಂಟಾ ಆಗಿರುವುದು ರಿಚರ್ಡ್ ಆಟನ್‌ಬರೋ. 1982ರ ‘ಗಾಂಧಿ’ ಸಿನಿಮಾ ಮಾಡಿದವರು. ಅಮ್ಮನಿಗೆ ಇದು ಹೇಳಿದ್ದೇ ತಡ ಕುರ್ಚಿ ಮುಂದಕ್ಕೆ ಎಳೆದುಕೊಂಡರು, ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ಆ ಸಿನಿಮಾ ತೋರಿಸಿದ್ದರಂತೆ. ಬಣ್ಣ, ಬೆಚ್ಚನೆಯ ಬೆಳಕು, ಮುದ್ದಾದ ಅಜ್ಜ, ಎಲ್ಲ ಇದೆ. ಆದರೆ ಉದ್ದ ಜಾಸ್ತಿ. ಹಳೆಯದು 96 ನಿಮಿಷ, ಇದು 114. ಕೊನೆಯ ಭಾಗ ಎಳೆದ ಹಾಗನಿಸುತ್ತದೆ, ಕಣದಲ್ಲಿ ಕಾಫಿ ಇರುವವರಿಗೆ ಇನ್ನೂ ಹಾಗನಿಸುತ್ತದೆ.

ಎರಡನ್ನೂ ಹೋಲಿಸುವಾಗ ಒಂದು ದೃಶ್ಯ ನೋಡಿ ಸಾಕು. ಹಳೆಯದರಲ್ಲಿ ಹಾಲೆಂಡಿನಿಂದ ಬಂದ ಅನಾಥ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಿರುತ್ತಾಳೆ. ಅವಳಿಗೆ ಇಂಗ್ಲಿಷ್ ಬರಲ್ಲ, ಸುಮ್ನೆ ನಿಮ್ಮನ್ನು ನೋಡಬೇಕು ಅಂದಳು, ಅಂತ ಸಾಕುತಾಯಿ ಸಂಕೋಚದಿಂದ ಹೇಳುತ್ತಾಳೆ. ಅಜ್ಜ ಆ ಮಗುವಿನ ಜೊತೆ ಡಚ್ ಭಾಷೆಯಲ್ಲಿ ಮಾತಾಡಿ, ಅವಳೊಂದಿಗೆ ಹಾಡುತ್ತಾನೆ. ಹೊಸದರಲ್ಲಿ ಅದೇ ಜಾಗದಲ್ಲಿ ಕಿವಿ ಕೇಳದ ಹುಡುಗಿ, ಅಜ್ಜ ಕೈಸನ್ನೆಯಲ್ಲಿ ಮಾತಾಡುತ್ತಾನೆ. ದೊಡ್ಡಪ್ಪ ಆ ದೃಶ್ಯವನ್ನು ಎರಡು ಸಲ ಹಾಕಿಸಿಕೊಂಡರು. ಹಾಗಾಗಿ ನಮ್ಮ ಮನೆಯಲ್ಲಿ ದೊಡ್ಡಪ್ಪನ ಓಟು ಹೊಸದಕ್ಕೆ, ನನ್ನ ಓಟು ಹಳೆಯದಕ್ಕೆ. ಮಕ್ಕಳ ಓಟು ಎರಡಕ್ಕೂ ಇಲ್ಲ. ಕೋರ್ಟು ಶುರುವಾದ ಕೂಡಲೇ ಅವರು ಎದ್ದು ಹೋಗಿ ಪೇರಳೆ ಮರ ಹತ್ತಿದರು.

‘ಆರ್ಥರ್ ಕ್ರಿಸ್‌ಮಸ್’ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ, ಅದು ಬೇಜಾರು. 2011ರ ಆನಿಮೇಷನ್ ಸಿನಿಮಾ. ಇದರಲ್ಲಿ ಸಾಂಟಾ ಅನ್ನುವುದು ಒಂದು ಮನೆತನದ ಹುದ್ದೆ. ಈಗಿನ ಸಾಂಟಾಗೆ ಇದು ಎಪ್ಪತ್ತನೇ ವರ್ಷದ ಸವಾರಿ, ಆದರೂ ಕುರ್ಚಿ ಬಿಡಲು ಮನಸ್ಸಿಲ್ಲ. ದೊಡ್ಡ ಮಗ ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಡೆಸುವವನು, ಮುಂದೆ ನಾನೇ ಅಂತ ಕಾಯುತ್ತಿರುವವನು. 136 ವರ್ಷದ ತಾತ ಮೂಲೆಯಲ್ಲಿ ಕೂತು ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಗೊಣಗುವವನು. ಅಪ್ಪನಿಗೆ ಎಂಬತ್ತಾದರೂ ತೋಟದ ಲೆಕ್ಕದ ಪುಸ್ತಕ, ಬೀರುವಿನ ಕೀ ಮಗನ ಕೈಗೆ ಬರದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಣ್ಣ ಇದನ್ನು ನೋಡುವಾಗ ಯಾಕೆ ಅಷ್ಟು ನಕ್ಕ ಅಂತ ನಾನು ಕೇಳಲು ಹೋಗಲಿಲ್ಲ.

ಕಿರಿಯವನು ಆರ್ಥರ್. ಎಡವುತ್ತಾನೆ, ಬೀಳುತ್ತಾನೆ, ಎಲ್ಲದಕ್ಕೂ ಹೆದರುತ್ತಾನೆ. ಅವನ ಕೆಲಸ ಮಕ್ಕಳ ಕಾಗದಗಳಿಗೆ ಉತ್ತರ ಬರೆಯುವುದು. ಒಬ್ಬ ಹುಡುಗಿಯ ಸೈಕಲ್ ತಲುಪಿಲ್ಲ ಅಂತ ಗೊತ್ತಾದಾಗ ಉಳಿದವರು ಒಂದು ಹೋದರೆ ಹೋಯಿತು ಅನ್ನುತ್ತಾರೆ, ಇವನಿಗೆ ಮಾತ್ರ ನಿದ್ದೆ ಬರುವುದಿಲ್ಲ. ಯಾಕಂದ್ರೆ ಅವಳ ಕಾಗದ ಓದಿದವನು ಅವನು. ಸಿನಿಮಾದ ಬಹುಪಾಲು ಒಂದೇ ರಾತ್ರಿಯ ಓಟ, ಆದರೂ ವರ್ಷವಿಡೀ ಸಾಂಟಾ ಯಾರು ಅನ್ನುವುದು ನೋಡುವವರಿಗೆ ಬೇಗ ತಿಳಿಯುತ್ತದೆ. ಒಂದೇ ತೊಂದರೆ, ಮಾತು ಬಹಳ ವೇಗ. ಬ್ರಿಟಿಷ್ ಇಂಗ್ಲಿಷು, ಜೋಕಿನ ಮೇಲೆ ಜೋಕು. ಅಮ್ಮನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಇಂಗ್ಲಿಷ್ ಚೆನ್ನಾಗಿ ಬರುವ ಮಕ್ಕಳೇ ಜಾಸ್ತಿ ಇದ್ದರೆ ಇದನ್ನೇ ಹಾಕಿ.

ಉಳಿದವು ಬೇಗ ಮುಗಿಸುತ್ತೇನೆ. 2003ರ ‘ಎಲ್ಫ್’ ನಗಿಸುತ್ತದೆ, ಆದರೆ ಕಥೆ ಸಾಂಟಾನದ್ದಲ್ಲ, ಅವನ ಊರಿನಲ್ಲಿ ಬೆಳೆದ ಮನುಷ್ಯನದ್ದು. 2004ರ ‘ದಿ ಪೋಲಾರ್ ಎಕ್ಸ್‌ಪ್ರೆಸ್’ನ ರೈಲು ಚೆಂದ, ಮುಖಗಳು ಗೊಂಬೆಯ ಹಾಗಿವೆ, ಚಿಕ್ಕವಳು ಹೆದರಿದಳು. ರೈಲೇ ಇಲ್ಲದ ಜಿಲ್ಲೆಯ ಮಕ್ಕಳಿಗೆ ಆ ರೈಲು ಇಷ್ಟವಾಗುತ್ತೆ ಅನ್ನುವುದು ಬೇರೆ ಮಾತು. 2018ರ ‘ದಿ ಕ್ರಿಸ್‌ಮಸ್ ಕ್ರಾನಿಕಲ್ಸ್’ನಲ್ಲಿ ಕರ್ಟ್ ರಸೆಲ್ ಸೊಗಸಾಗಿದ್ದಾನೆ, ಅದು ಪೂರ್ತಿ ಒಂದು ರಾತ್ರಿಯ ಸಾಹಸ. ಹದಿಹರೆಯದವರಿಗೆ ಸರಿ. ಪೋಸ್ಟರಿನಲ್ಲಿ ಸಾಂಟಾ ಟೊಪ್ಪಿ ಕಂಡಿತು ಅಂತ ‘ಬ್ಯಾಡ್ ಸಾಂಟಾ’, ‘ವಯಲೆಂಟ್ ನೈಟ್’ ಒತ್ತಿಬಿಡಬೇಡಿ. ಎರಡೂ ದೊಡ್ಡವರ ಸಿನಿಮಾ. ಒಂದರಲ್ಲಿ ಕುಡಿತ ಬೈಗುಳ, ಇನ್ನೊಂದರಲ್ಲಿ ರಕ್ತ.

ಈಗ ‘ಕ್ಲಾಸ್’. ಇದು ಹೋದ ವರ್ಷ ನಾನು ಹಾಕಿದ ‘ದಿ ಸಾಂಟಾ ಕ್ಲಾಸ್’ ಅಲ್ಲ, ಬೇರೆ. 2019ರ ನೆಟ್‌ಫ್ಲಿಕ್ಸ್ ಆನಿಮೇಷನ್, ಕ್ಲಾಸ್ ಅನ್ನುವುದು ಇದರಲ್ಲಿ ಒಬ್ಬ ಮರಗೆಲಸದವನ ಹೆಸರು. ಮಾಡಿದವರು ಸ್ಪೇನಿನ ಸೆರ್ಜಿಯೋ ಪಾಬ್ಲೋಸ್. ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಿಕ್ಕಿತು. ಈಗಿನ ಕಂಪ್ಯೂಟರ್ ಗೊಂಬೆಗಳ ಹಾಗಲ್ಲದೆ ಕೈಯಲ್ಲಿ ಚಿತ್ರ ಬರೆದು, ಅದರ ಮೇಲೆ ಬೆಳಕು ನೆರಳು ಕೂರಿಸಿದ್ದಾರೆ. ಲಾಂದ್ರದ ಬೆಳಕು ಕೆನ್ನೆಯ ಮೇಲೆ ಬೀಳುವುದು ನೋಡಿ, ಕರೆಂಟು ಹೋದ ರಾತ್ರಿ ನಮ್ಮ ಅಡುಗೆಮನೆಯ ಒಲೆ ಮುಂದೆ ಕೂತವರ ಮುಖ ಹಾಗೇ ಕಾಣುತ್ತದೆ.

ಕಥೆಯಲ್ಲಿ ಸಾಂಟಾನೇ ಇಲ್ಲ. ಸಾಂಟಾ ಹೇಗೆ ಆದ ಅನ್ನುವುದೇ ಕಥೆ. ಅಂಚೆ ಇಲಾಖೆಯ ದೊಡ್ಡ ಸಾಹೇಬರ ಸೋಮಾರಿ ಮಗನನ್ನು ಉತ್ತರದ ಹಿಮದ ದ್ವೀಪಕ್ಕೆ ಹಾಕುತ್ತಾರೆ. ಒಂದು ವರ್ಷದೊಳಗೆ 6,000 ಕಾಗದ ಸಾಗಿಸಬೇಕು, ಇಲ್ಲದಿದ್ದರೆ ಅಪ್ಪನ ಆಸ್ತಿ ಇಲ್ಲ. ಆ ಊರಿನಲ್ಲಿ ಎರಡು ಕುಲದವರಿಗೆ ಯಾವ ಕಾಲದಿಂದಲೋ ಜಗಳ. ಯಾಕೆ ಅಂತ ಅವರಿಗೇ ನೆಟ್ಟಗೆ ಗೊತ್ತಿಲ್ಲ, ನಡೆಯುತ್ತಾ ಬಂದಿದೆ, ಅಷ್ಟೇ. ಯಾರೂ ಯಾರಿಗೂ ಕಾಗದ ಬರೆಯಲ್ಲ. ಶಾಲೆಯ ಟೀಚರ್ ಮೀನು ಮಾರುತ್ತಿದ್ದಾಳೆ, ಮಕ್ಕಳನ್ನು ಕಳಿಸುವವರೇ ಇಲ್ಲವಲ್ಲ. ಊರಾಚೆ ಕಾಡಿನಲ್ಲಿ ಒಬ್ಬ ಮುದುಕ, ಮನೆ ತುಂಬ ತಾನೇ ಕೆತ್ತಿದ ಆಟಿಕೆ, ಆಡಲು ಮಕ್ಕಳಿಲ್ಲ. ಅಂಚೆಯವನ ಸ್ವಾರ್ಥ ಮತ್ತು ಮುದುಕನ ದುಃಖ ಸೇರಿ ಸಾಂಟಾ ಹುಟ್ಟುತ್ತಾನೆ. ಬೇಲಿ ಕಲ್ಲು ಒಂದು ಅಡಿ ಸರಿದದ್ದಕ್ಕೆ ಇಪ್ಪತ್ತು ವರ್ಷ ಮಾತು ಬಿಟ್ಟ ಮನೆಯವರಿದ್ದರೆ ಅವರನ್ನೂ ಕರೆಯಿರಿ, ಅವರಿಗೆ ಬಿಡಿಸಿ ಹೇಳುವುದು ಬೇಕಾಗಲ್ಲ.

ಇದರಲ್ಲೊಂದು ಪುಟ್ಟ ಹುಡುಗಿ ಬರುತ್ತಾಳೆ, ಮಾರ್ಗು ಅಂತ. ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳಾದ ಸಾಮಿ ಜನಾಂಗದವಳು, ಮಾತಾಡುವುದು ಸಾಮಿ ಭಾಷೆಯಲ್ಲೇ. ಅವಳ ಮಾತಿಗೆ ಕೆಳಗೆ ಅನುವಾದ ಬರುವುದಿಲ್ಲ. ಅಂಚೆಯವನಿಗೂ ತಿಳಿಯಲ್ಲ, ನಮಗೂ ತಿಳಿಯಲ್ಲ. ನಮ್ಮ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಎರಡು ಸಂಸಾರ ಇದೆ. ಅವರ ಚಿಕ್ಕ ಹುಡುಗಿ ಬಾಗಿಲ ಹತ್ತಿರವೇ ನಿಂತು ನೋಡುತ್ತಿದ್ದವಳು, ಮಾರ್ಗು ಬಂದ ಮೇಲೆ ಒಳಗೆ ಬಂದು ಅಮ್ಮನ ಕಾಲ ಹತ್ತಿರ ಕೂತಳು. ಅಮ್ಮ ನನ್ನನ್ನು ಕರೆದು, “ಈ ಹುಡುಗಿ ಮಾತು ನಿನಗೆ ಅರ್ಥ ಆಯ್ತಾ?” ಅಂದರು. ಇಲ್ಲ ಅಂದೆ. “ನಂಗೂ ಇಲ್ಲ. ಈಗ ಸರಿ ಹೋಯ್ತು” ಅಂತ ಅಚ್ಚಪ್ಪದ ಡಬ್ಬಿ ಆ ಮಗುವಿನ ಮುಂದೆ ಇಟ್ಟರು.

ಕೊನೆಗೆ ಕಣ್ಣು ಒದ್ದೆಯಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮುದುಕನ ಹೆಂಡತಿ ತೀರಿಹೋದದ್ದು ಕಥೆಯಲ್ಲಿದೆ. ಆದರೆ ಮಕ್ಕಳು ಹೆದರುವಂಥದ್ದಲ್ಲ, ಮೆಲ್ಲಗೆ ಹೇಳಿದ್ದಾರೆ. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ನಮ್ಮ ಎರಡು ಗಂಟೆಯೊಳಗೆ ಆರಾಮಾಗಿ ಮುಗಿಯುತ್ತೆ. ಅರ್ಧ ಕಥೆ ಚಿತ್ರದಲ್ಲೇ ತಿಳಿಯುವುದರಿಂದ ಭಾಷೆ ಬರದಿದ್ದರೂ ಯಾರೂ ಎದ್ದು ಹೋಗಲಿಲ್ಲ.

ಯಾವುದನ್ನೇ ಹಾಕಿದರೂ ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ತೋಟದ ನೆಟ್‌ವರ್ಕ್ ನಂಬಿ ಕೂತರೆ ಸಾಂಟಾ ಅರ್ಧದಲ್ಲೇ ಸುತ್ತುತ್ತಾ ನಿಲ್ಲುತ್ತಾನೆ. ಭಾಷೆಯ ಪಟ್ಟಿಯನ್ನೂ ಅವಾಗಲೇ ನೋಡಿಕೊಳ್ಳಿ. ಪ್ರೊಜೆಕ್ಟರ್ ತಂದು ಕಣದಲ್ಲಿ ಬಿಳಿ ಪಂಚೆ ಕಟ್ಟುವ ಯೋಚನೆ ಇದ್ದರೆ ಬಿಡಿ, ಹಗಲು ಕಾಣಲ್ಲ, ಸಂಜೆ ಮಂಜು.

ಹೀಗೆ ಎಲ್ಲ ನೋಡಿ ಮುಗಿಸಿ ‘ಕ್ಲಾಸ್’ ಅಂತ ಅಕ್ಕನಿಗೆ ಹೇಳಿದೆ. ಅವಳು ಒಪ್ಪಿದಳು, ಆದರೆ ಅವಳ ಕಾರಣ ಬೇರೆ ಇತ್ತು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮೇಸ್ತ್ರಿಯವರು ನಮ್ಮ ಮಾಡಿನ ಒಡೆದ ಹೆಂಚು ಬದಲಿಸಲು ಬಂದಿದ್ದರು. ಕೆಂಪು ಅಂಗಿ ಇಲ್ಲ, ಗಡ್ಡ ಇಲ್ಲ, ತಲೆಗೆ ಟವಲ್ ಸುತ್ತಿದ್ದರು. ಅದೇ ಗಂಬೂಟನ್ನು ಏಣಿಯ ಕೆಳಗೆ ಬಿಚ್ಚಿಟ್ಟು ಬರಿಗಾಲಲ್ಲಿ ಹತ್ತಿದರು. ರಜೆಗೆ ಬಂದಿದ್ದ ಮಗು ಗಂಬೂಟನ್ನು ಒಂದು ಸಲ ನೋಡಿತು, ಮೇಲೆ ನೋಡಿತು, ಆಮೇಲೆ ಬಂದು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡು ನಿಂತಿತು. ಊಟಕ್ಕೆ ಕರೆದರೂ ಬರಲಿಲ್ಲ. ಮೇಸ್ತ್ರಿಯವರು ಇಳಿದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವವರೆಗೂ ಬಿಡಲಿಲ್ಲ.